ಕ್ಯಾಪ್ಟನ್ ಹತ್ತನೇ ಕ್ಲಾಸ್ ಮುಗಿಸಿದ ಮೇಲೆ

ಭಾನುವಾರ, ಅದೂ ಮೆಗಾ ಬ್ಲಾಕ್ ಇರೋ ಭಾನುವಾರ, ಡೊಂಬಿವಲಿ, ವಸಾಯಿ ಕಡೆಯಿಂದೆಲ್ಲ ಗಾಡಿ ಬದಲಾಯಿಸಿಕೊಂಡು ಬಂದಿದ್ದೀರಿ. ಪುಣೆ, ಹೈದರಾಬಾದ್, ಚೆನ್ನೈ, ದೆಹಲಿಯಿಂದ ಆನ್‌ಲೈನ್‌ನಲ್ಲಿ ಸೇರಿಕೊಂಡವರೂ ಇದ್ದಾರೆ. ಧನ್ಯವಾದ.

ರೋಬೋಟ್ ಮಾಡೋದು ಹೇಗೆ ಅಂತ ನಾನು ಇವತ್ತು ಹೇಳೋದಿಲ್ಲ. ಅದಕ್ಕೆ ಬೇಕಾದಷ್ಟು ವಿಡಿಯೋ ಇವೆ, ಮಕ್ಕಳು ನಮಗಿಂತ ಮೊದಲೇ ನೋಡಿರ್ತಾರೆ. ನಾನು ಮಾತಾಡೋದು ಹೈಸ್ಕೂಲಿನ ರೋಬೋಟಿಕ್ಸ್ ತಂಡದ ಬಗ್ಗೆ, ಅದರಲ್ಲೂ ಒಂದೇ ಒಂದು ಪ್ರಶ್ನೆ. ಈ ವರ್ಷ ತಂಡ ನಡೆಸ್ತಾ ಇರೋ ಹುಡುಗ ಅಥವಾ ಹುಡುಗಿ ಶಾಲೆ ಬಿಟ್ಟು ಹೋದ ಮೇಲೆ ಆ ತಂಡ ಇರುತ್ತಾ?

ನಾನು ವೃತ್ತಿಯಿಂದ ಮೆಕ್ಯಾನಿಕಲ್ ಇಂಜಿನಿಯರ್. ವಾರದ ಐದು ದಿನ ಫ್ಯಾಕ್ಟರಿ, ಶನಿವಾರ ಮಧ್ಯಾಹ್ನ ಶಾಲೆಯ ಮಕ್ಕಳ ಜೊತೆ. ಒಂದು ಶಾಲೆಯ ಕಥೆ ಹೇಳ್ತೀನಿ, ಹೆಸರು ಬೇಡ. ಒಳ್ಳೆಯ ತಂಡ, ಮೂರು ವರ್ಷ ಚೆನ್ನಾಗಿ ಆಡಿತ್ತು. ಹತ್ತನೇ ಕ್ಲಾಸಿನ ಒಬ್ಬ ಹುಡುಗ, ತುಂಬಾ ಬುದ್ಧಿವಂತ, ಕೋಡ್ ಪೂರ್ತಿ ಅವನೇ ಬರೆದದ್ದು. ಬೋರ್ಡ್ ಪರೀಕ್ಷೆ ಮುಗಿಸಿ ಬೇರೆ ಊರಿನ ಜೂನಿಯರ್ ಕಾಲೇಜಿಗೆ ಹೋದ. ಸೆಪ್ಟೆಂಬರ್‌ನಲ್ಲಿ ಹೊಸ ಮಕ್ಕಳು ಬೀರು ತೆಗೆದರೆ ರೋಬೋಟ್ ಇದೆ, ಮೋಟರ್ ಇದೆ, ಬ್ಯಾಟರಿ ಇದೆ. ಕೋಡ್ ಇಲ್ಲ. ಅದು ಅವನ ಲ್ಯಾಪ್‌ಟಾಪ್‌ನಲ್ಲಿ ಹೋಗಿದೆ. ತಂಡದ ಇಮೇಲ್ ತೆರೆಯೋಣ ಅಂದ್ರೆ ಓಟಿಪಿ ಅವನ ತಾಯಿಯ ಮೊಬೈಲಿಗೆ ಹೋಗುತ್ತೆ! ಹುಡುಗ ಒಳ್ಳೆಯವನು, ಕೇಳಿದ ದಿನವೇ ಎಲ್ಲ ಕಳಿಸಿದ. ಆದರೆ ಆ ಕೋಡ್ ಓದಿ ಅರ್ಥ ಮಾಡಿಕೊಳ್ಳೋರು ಶಾಲೆಯಲ್ಲಿ ಯಾರೂ ಇರಲಿಲ್ಲ. ಆ ವರ್ಷ ತಂಡ ಹೆಸರು ನೋಂದಾಯಿಸಲಿಲ್ಲ. ಮುಂದಿನ ವರ್ಷ ಆ ಕೋಣೆ ಪರೀಕ್ಷೆಯ ಉತ್ತರಪತ್ರಿಕೆ ಇಡುವ ಕೋಣೆ ಆಯ್ತು.

ಇದರಲ್ಲಿ ನನಗೆ ಬೇಸರ ಆಗಿದ್ದು ಸ್ಪರ್ಧೆ ತಪ್ಪಿದ್ದಕ್ಕಲ್ಲ. ಆರನೇ ಕ್ಲಾಸಿನಿಂದ ಕಿಟಕಿಯಲ್ಲಿ ನಿಂತು ನೋಡ್ತಾ, ‘ಎಂಟನೇ ಕ್ಲಾಸಿಗೆ ಬಂದ ಮೇಲೆ ನಾನೂ ಸೇರ್ತೀನಿ’ ಅಂತಿದ್ದ ಮಕ್ಕಳಿದ್ದರು. ಅವರು ಎಂಟನೇ ಕ್ಲಾಸಿಗೆ ಬಂದಾಗ ಬಾಗಿಲಿಗೆ ಬೀಗ.

ಈ ಸ್ಪರ್ಧೆ ಏನು ಅಂತ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಿಬಿಡ್ತೀನಿ. ಡೀನ್ ಕೇಮನ್ ಅನ್ನೋ ಅಮೆರಿಕದ ಸಂಶೋಧಕ 1989ರಲ್ಲಿ ‘ಫಸ್ಟ್’ ಅನ್ನೋ ಸಂಸ್ಥೆ ಶುರು ಮಾಡಿದರು. 1992ರಲ್ಲಿ ನ್ಯೂ ಹ್ಯಾಂಪ್‌ಶೈರ್‌ನ ಒಂದು ಹೈಸ್ಕೂಲಿನ ಜಿಮ್‌ನಲ್ಲಿ 28 ತಂಡಗಳ ಜೊತೆ ಮೊದಲ ಸ್ಪರ್ಧೆ. ಎಂಐಟಿಯ ಪ್ರೊಫೆಸರ್ ವುಡಿ ಫ್ಲವರ್ಸ್ ಅದಕ್ಕೆ ದೊಡ್ಡ ಬಲ. ಇಂದು ಅದರಲ್ಲಿ ಹಲವು ಹಂತಗಳಿವೆ. ನಮ್ಮ ದೇಶದ ಶಾಲೆಗಳು ಹೆಚ್ಚಾಗಿ ಕೇಳಿರೋದು ‘ಫಸ್ಟ್ ಲೆಗೋ ಲೀಗ್’ ಮತ್ತು ‘ಫಸ್ಟ್ ಟೆಕ್ ಚಾಲೆಂಜ್’. ಟೆಕ್ ಚಾಲೆಂಜ್‌ನಲ್ಲಿ 18 ಇಂಚಿನ ಘನದೊಳಗೆ ಹಿಡಿಯೋ ರೋಬೋಟ್‌ನಿಂದ ಆಟ ಶುರು. ಮೊದಲ 30 ಸೆಕೆಂಡ್ ಅದು ತನ್ನಷ್ಟಕ್ಕೆ ಓಡಬೇಕು, ಆಮೇಲೆ ಎರಡು ನಿಮಿಷ ಮಕ್ಕಳು ಓಡಿಸ್ತಾರೆ. ಎರಡು ತಂಡ ಸೇರಿ ಒಂದು ಜೋಡಿ, ಎದುರು ಇನ್ನೊಂದು ಜೋಡಿ.

ನಮಗೆ ಮುಖ್ಯವಾದ ವಿಷಯ ಏನಂದ್ರೆ, ಪ್ರತಿ ವರ್ಷ ಆಟವೇ ಬೇರೆ. ಸೆಪ್ಟೆಂಬರ್‌ನಲ್ಲಿ ಹೊಸ ಆಟ ಘೋಷಣೆ ಆಗುತ್ತೆ. ಹೋದ ವರ್ಷದ ರೋಬೋಟನ್ನ ಒರೆಸಿ ಮತ್ತೆ ಕಣಕ್ಕಿಳಿಸೋಕೆ ಆಗೋದಿಲ್ಲ. ಹಾಗಾದ್ರೆ ಒಂದು ವರ್ಷದಿಂದ ಇನ್ನೊಂದು ವರ್ಷಕ್ಕೆ ದಾಟೋದು ಏನು? ‘ಎರಡು ತೋಳು ಬೇಕಾ, ಒಂದು ಸಾಕಾ’ ಅಂತ ಜಗಳ ಬಂದಾಗ ಅದನ್ನ ಹೇಗೆ ತೀರ್ಮಾನಿಸೋದು, ಯಾವ ಭಾಗವನ್ನ ಎಷ್ಟು ದಿನ ಮೊದಲು ತರಿಸಬೇಕು, ಯಾವ ಕನೆಕ್ಟರ್ ಸಡಿಲ ಆಗುತ್ತೆ. ಇದೆಲ್ಲ ಮಕ್ಕಳ ತಲೆಯಲ್ಲಿರುತ್ತೆ. ಅದು ತಲೆಯಿಂದ ತಲೆಗೆ ದಾಟದಿದ್ರೆ ಪ್ರತಿ ಸೆಪ್ಟೆಂಬರ್ ಮೊದಲನೇ ಸೆಪ್ಟೆಂಬರೇ.

ಈಗ ನಮ್ಮ ಕ್ಯಾಲೆಂಡರ್ ನೋಡಿ. ಅಮೆರಿಕದಲ್ಲಿ ಹೈಸ್ಕೂಲು ಅಂದ್ರೆ 9ರಿಂದ 12, ನಾಲ್ಕು ವರ್ಷ, ಒಂದೇ ಕಟ್ಟಡ. ಒಂಬತ್ತರಲ್ಲಿ ಕಸ ಗುಡಿಸಿದ ಹುಡುಗ ಹನ್ನೆರಡರಲ್ಲಿ ಕ್ಯಾಪ್ಟನ್ ಆಗ್ತಾನೆ. ಏಣಿ ತಾನಾಗೇ ಇದೆ. ನಮ್ಮ ಮಹಾರಾಷ್ಟ್ರದ ಸ್ಟೇಟ್ ಬೋರ್ಡ್‌ನಲ್ಲಿ ಬಹುಪಾಲು ಮಕ್ಕಳಿಗೆ ಹತ್ತಕ್ಕೆ ಶಾಲೆ ಮುಗೀತು, ಮುಂದೆ ಜೂನಿಯರ್ ಕಾಲೇಜು. ಹೈದರಾಬಾದಿನವರಿಗೆ ಇಂಟರ್‌ಮೀಡಿಯೆಟ್, ಊರಲ್ಲಿ ನಮ್ಮ ಪಿಯುಸಿ, ಎಲ್ಲ ಅದೇ ಥರ. ದೆಹಲಿ, ಚೆನ್ನೈನಲ್ಲಿ ಹನ್ನೆರಡರವರೆಗೂ ಅದೇ ಶಾಲೆ ಸಿಗಬಹುದು, ನಿಜ. ಆದರೆ ಹನ್ನೊಂದಕ್ಕೆ ಕಾಲಿಟ್ಟ ಕೂಡಲೇ ಜೆಇಇ, ನೀಟ್ ಕೋಚಿಂಗ್. ಹುಡುಗ ಶಾಲೆಯಲ್ಲಿರ್ತಾನೆ, ಶನಿವಾರ ಇರೋದಿಲ್ಲ.

ಹತ್ತನೇ ಕ್ಲಾಸಿನ ಮಗುವನ್ನೇ ಕ್ಯಾಪ್ಟನ್ ಮಾಡಿದ್ರೆ ಏನಾಗುತ್ತೆ ಲೆಕ್ಕ ಹಾಕಿ. ಸೆಪ್ಟೆಂಬರ್‌ನಲ್ಲಿ ಆಟ ಘೋಷಣೆ. ಅಕ್ಟೋಬರ್-ನವೆಂಬರ್‌ನಲ್ಲಿ ದೀಪಾವಳಿ ರಜೆ. ಜನವರಿಯಲ್ಲಿ ಪ್ರಿಲಿಮ್ಸ್, ಆಮೇಲೆ ಬೋರ್ಡ್. ರೋಬೋಟ್‌ಗೆ ಅವನು ಅತಿ ಹೆಚ್ಚು ಬೇಕಾದ ಹೊತ್ತಿಗೆ ಮನೆಯವರಿಗೂ ಅವನು ಅತಿ ಹೆಚ್ಚು ಬೇಕು. ತಾಯಿತಂದೆಯರನ್ನ ನಾನು ದೂರೋದಿಲ್ಲ. ಈ ದೇಶದಲ್ಲಿ ಹತ್ತನೇ ಕ್ಲಾಸಿನ ಅಂಕಕ್ಕೆ ಏನು ಬೆಲೆ ಅಂತ ನಮಗೆಲ್ಲ ಗೊತ್ತು.

ಹಾಗಾಗಿ ನಾನು ಶಾಲೆಗಳಿಗೆ ಹೇಳೋದು ಒಂದೇ. ತಂಡವನ್ನ ಒಂಬತ್ತನೇ ಕ್ಲಾಸಿನವರು ನಡೆಸಲಿ. ಮುಂದಿನ ಕ್ಯಾಪ್ಟನ್ ಎಂಟನೇ ಕ್ಲಾಸಿನಿಂದ ಬರಲಿ, ಮತ್ತು ಅವರಿಗೆ ಅಧಿಕಾರ ಸಿಗೋದು ಸೀಸನ್ ಮುಗಿದ ಮೇಲೆ ಅಲ್ಲ, ಸೀಸನ್ ನಡುವೆ. ದೀಪಾವಳಿ ಮುಗಿದ ಮೇಲಿನ ಮೊದಲ ಶನಿವಾರ. ಹಳೆಯ ಕ್ಯಾಪ್ಟನ್ ಇನ್ನೂ ಕೋಣೆಯಲ್ಲಿ ಇರುವಾಗಲೇ.

ಇದಕ್ಕೆ ಜನ ಒಪ್ಪೋದಿಲ್ಲ. ‘ನಡುವೆ ಕುದುರೆ ಬದಲಾಯಿಸ್ತಾರಾ?’ ಅಂತ ಕೇಳ್ತಾರೆ. ಏಪ್ರಿಲ್‌ನಲ್ಲಿ ಬೀಳ್ಕೊಡುಗೆ ಸಮಾರಂಭ ಮಾಡಿ, ಹಾರ ಹಾಕಿ, ಹೊಸ ಕ್ಯಾಪ್ಟನ್ ಹೆಸರು ಘೋಷಿಸೋದೇ ವಾಡಿಕೆ. ಆದರೆ ಏಪ್ರಿಲ್‌ನಲ್ಲಿ ಕೊಟ್ಟ ಅಧಿಕಾರ ಕಾಗದದ ಮೇಲಿರುತ್ತೆ. ಸೆಪ್ಟೆಂಬರ್‌ನಲ್ಲಿ ಮೊದಲ ಕಷ್ಟ ಬಂದಾಗ ಕೇಳೋಕೆ ಯಾರೂ ಇರೋದಿಲ್ಲ.

ಇದು ನನ್ನ ಹೊಸ ಕಂಡುಹಿಡಿಕೆ ಏನಲ್ಲ. ನಮ್ಮಲ್ಲಿ ಕರಾವಳಿಯವರು ತುಂಬಾ ಜನ ಇದ್ದೀರಿ. ರಾತ್ರಿಯಿಡೀ ನಡೆಯೋ ಯಕ್ಷಗಾನ ನೋಡಿದವರಿಗೆ ಗೊತ್ತು, ಮೊದಲು ಪೂರ್ವರಂಗ. ಕೋಡಂಗಿ, ಬಾಲಗೋಪಾಲ, ಸ್ತ್ರೀವೇಷ. ಕಲಿಯುತ್ತಿರೋ ಮಕ್ಕಳೇ ಕುಣಿಯೋದು. ಹಾಡೋದೂ ಮುಖ್ಯ ಭಾಗವತರಲ್ಲ, ಇನ್ನೂ ಪಳಗುತ್ತಿರೋ ಸಂಗೀತಗಾರ. ಜಾಗಟೆ ಅವನ ಕೈಯಲ್ಲಿ. ದೊಡ್ಡ ಭಾಗವತರು, ದೊಡ್ಡ ವೇಷಗಳು ಚೌಕಿಯಲ್ಲೇ ಇರ್ತಾರೆ, ಅಲ್ಲಿಂದ ಎಲ್ಲ ಕೇಳಿಸುತ್ತೆ. ತಾಳ ತಪ್ಪಿದ್ರೆ ಗೊತ್ತಾಗುತ್ತೆ, ಆದರೆ ಓಡಿ ಬಂದು ಜಾಗಟೆ ಕಿತ್ತುಕೊಳ್ಳೋದಿಲ್ಲ. ಮೇಳಗಳು ತಲೆಮಾರುಗಟ್ಟಲೆ ನಡೆದದ್ದಕ್ಕೆ ಕಾರಣ ಬರೀ ಪ್ರತಿಭೆ ಅಂತ ನನಗನಿಸೋದಿಲ್ಲ. ಕಲಿಯೋನಿಗೆ ಪ್ರತಿ ರಾತ್ರಿ ನಿಜವಾದ ರಂಗಸ್ಥಳ, ನಿಜವಾದ ಪ್ರೇಕ್ಷಕರು ಸಿಗ್ತಾರೆ, ಅದೂ ತಪ್ಪಿದ್ರೆ ದೊಡ್ಡ ನಷ್ಟ ಆಗದ ಹೊತ್ತಿನಲ್ಲಿ.

ನಮ್ಮ ರೋಬೋಟಿಕ್ಸ್ ಕೋಣೆಗೂ ಒಂದು ಪೂರ್ವರಂಗ ಬೇಕು. ಅದಕ್ಕೆ ನಾವು ಡಿಸೆಂಬರ್‌ನಲ್ಲಿ ಅಕ್ಕಪಕ್ಕದ ಎರಡು-ಮೂರು ಶಾಲೆ ಸೇರಿಸಿ ಒಂದು ಸ್ನೇಹಪಂದ್ಯ ಇಟ್ಕೊಳ್ತೀವಿ. ಟ್ರೋಫಿ ಇಲ್ಲ, ಫಲಕ ಇಲ್ಲ, ಕೊನೆಗೆ ಎಲ್ಲರಿಗೂ ವಡಾಪಾವ್. ಒಂದೇ ನಿಯಮ. ಒಂಬತ್ತು ಮತ್ತು ಹತ್ತನೇ ಕ್ಲಾಸಿನವರು ಪಿಟ್ ಒಳಗೆ ಬರೋ ಹಾಗಿಲ್ಲ, ಗ್ಯಾಲರಿಯಲ್ಲಿ ಕೂರಬೇಕು. ಮೊದಲ ಸಲ ಮಾಡಿದಾಗ ನಮ್ಮ ಎಂಟನೇ ಕ್ಲಾಸಿನ ಮಕ್ಕಳು ಐದರಲ್ಲಿ ಮೂರು ಪಂದ್ಯ ಸೋತರು. ಒಂದು ಪಂದ್ಯದಲ್ಲಂತೂ ರೋಬೋಟ್ ಅಂಗಳದ ಮಧ್ಯೆ ಸುಮ್ಮನೆ ನಿಂತುಬಿಡ್ತು. ಚಾರ್ಜ್ ಆಗದ ಬ್ಯಾಟರಿ ಹಾಕಿದ್ರು. ಗ್ಯಾಲರಿಯಲ್ಲಿ ಕೂತಿದ್ದ ಕ್ಯಾಪ್ಟನ್ ಹುಡುಗಿಯ ಮುಖ ನೋಡಬೇಕಿತ್ತು ನೀವು! ಎರಡು ಕೈಯನ್ನೂ ತೊಡೆ ಕೆಳಗೆ ಇಟ್ಕೊಂಡು ಕೂತಿದ್ಲು.

ಮುಂದಿನ ಶನಿವಾರ ನಾನು ಬಂದಾಗ ಪ್ರತಿ ಬ್ಯಾಟರಿ ಮೇಲೆ ಮಾರ್ಕರ್‌ನಲ್ಲಿ ನಂಬರ್ ಬರೆದಿತ್ತು. ಗೋಡೆಗೆ ಒಂದು ಚಾರ್ಟ್. ಯಾವ ಬ್ಯಾಟರಿ, ಎಷ್ಟು ಹೊತ್ತಿಗೆ ಚಾರ್ಜಿಗೆ ಹಾಕಿದ್ದು, ತೆಗೆದಾಗ ಎಷ್ಟು ವೋಲ್ಟ್, ಯಾರ ಸಹಿ. ಯಾರೂ ಹೇಳಿರಲಿಲ್ಲ. ಒಂಬತ್ತನೇ ಕ್ಲಾಸಿನವರ ಹತ್ತಿರ ಈ ಚಾರ್ಟ್ ಇರಲೇ ಇಲ್ಲ, ಅವರು ಎಲ್ಲ ನೆನಪಿಟ್ಕೊಳ್ತಿದ್ರು. ಅದು ಇವತ್ತಿಗೂ ಗೋಡೆ ಮೇಲಿದೆ, ಅದನ್ನ ಬರೆದ ಮಕ್ಕಳು ಈಗ ಕಾಲೇಜಲ್ಲಿದ್ದಾರೆ.

ಇನ್ನು ದಿನನಿತ್ಯದ ಕೆಲಸ. ಅಲ್ಲಿ ನಾವು ಇಟ್ಟ ಪದ್ಧತಿ ಸರಳ, ಪ್ರತಿ ಕೆಲಸಕ್ಕೂ ಎರಡು ಹೆಸರು. ಡ್ರೈವ್‌ಟ್ರೇನ್‌ಗೆ ಒಂಬತ್ತನೇ ಕ್ಲಾಸಿನ ಒಬ್ಬರು, ಎಂಟರ ಒಬ್ಬರು. ಕೋಡ್‌ಗೆ ಹಾಗೇ. ಸಾಮಾನು ತರಿಸೋದು, ಖರ್ಚಿನ ಲೆಕ್ಕ, ಇಮೇಲ್, ಎಲ್ಲಕ್ಕೂ. ಸ್ಕ್ರೂಡ್ರೈವರ್ ಚಿಕ್ಕವರ ಕೈಯಲ್ಲಿ, ದೊಡ್ಡವರ ಕೈ ಬೆನ್ನ ಹಿಂದೆ. ಹತ್ತು ನಿಮಿಷದ ಕೆಲಸಕ್ಕೆ ನಲವತ್ತು ನಿಮಿಷ ಹಿಡಿಯುತ್ತೆ, ಮುಚ್ಚುಮರೆ ಬೇಡ. ಆದರೆ ಆ ನಲವತ್ತು ನಿಮಿಷ ಸೆಪ್ಟೆಂಬರ್‌ನಲ್ಲಿ ನಮ್ಮ ಹತ್ತಿರ ಇರುತ್ತೆ, ಜನವರಿಯಲ್ಲಿ ಇರೋದಿಲ್ಲ. ಕೋಡ್ ವೈಯಕ್ತಿಕ ಲ್ಯಾಪ್‌ಟಾಪ್‌ನಲ್ಲಿ ಇರಕೂಡದು, ತಂಡದ ಗಿಟ್‌ಹಬ್ ಖಾತೆಯಲ್ಲಿ ಇರಬೇಕು. ಖಾತೆಯ ಫೋನ್ ನಂಬರ್ ಶಾಲೆಯದ್ದು. ಇಷ್ಟು ಮಾಡಿದ್ರೆ ಮೊದಲು ಹೇಳಿದ ಓಟಿಪಿ ಕಥೆ ಅರ್ಧ ಮುಗೀತು.

ಕ್ಯಾಪ್ಟನ್ ಆರಿಸೋದು ಹೇಗೆ? ಇಲ್ಲಿ ನನ್ನ ಅಭಿಪ್ರಾಯ ಸ್ವಲ್ಪ ಗಟ್ಟಿ. ಮತ ಹಾಕಿಸಿದ್ರೆ ಜೋರಾಗಿ ಮಾತಾಡೋನು ಗೆಲ್ತಾನೆ. ಟೀಚರ್ ಆರಿಸಿದ್ರೆ ರ‍್ಯಾಂಕ್ ಬರೋನು. ಮೆಂಟರ್ ಆರಿಸಿದ್ರೆ, ಅಂದ್ರೆ ನನ್ನಂಥವರು ಆರಿಸಿದ್ರೆ, ಒಳ್ಳೆ ಕೋಡ್ ಬರೆಯೋನು. ಮೂರೂ ಸಾಲದು. ನಾನು ನೋಡೋದು ಮೌಸ್. ಏಳನೇ ಕ್ಲಾಸಿನ ಮಗು ಸಿಕ್ಕಿಹಾಕಿಕೊಂಡು ‘ಅಣ್ಣಾ, ಇದು ಓಡ್ತಿಲ್ಲ’ ಅಂದಾಗ ಕೆಲವರು ಬಂದು ಮೌಸ್ ಕಸ್ಕೊಂಡು ಎರಡು ನಿಮಿಷದಲ್ಲಿ ಸರಿಮಾಡಿ ಹೋಗ್ತಾರೆ. ಇನ್ನು ಕೆಲವರು ಪಕ್ಕದ ಕುರ್ಚಿ ಎಳ್ಕೊಂಡು ಕೂತು ‘ಯಾವ ಸಾಲಿನಲ್ಲಿ ಕೆಂಪು ಬಂತು ತೋರಿಸು’ ಅಂತಾರೆ. ಎರಡನೇ ಗುಂಪಿನಲ್ಲಿ ಕ್ಯಾಪ್ಟನ್ ಇರ್ತಾಳೆ. ಮೂರ್ನಾಲ್ಕು ಜನರಿಗೆ ಒಂದೊಂದು ಶನಿವಾರ ಪೂರ್ತಿ ನಡೆಸೋಕೆ ಕೊಡ್ತೀವಿ. ಆಮೇಲೆ ಅತಿ ಚಿಕ್ಕ ಮಕ್ಕಳನ್ನ ಕೇಳ್ತೀವಿ, ‘ಗೊತ್ತಾಗದಿದ್ರೆ ನೀನು ಯಾರ ಹತ್ತಿರ ಹೋಗ್ತೀಯಾ?’ ಉತ್ತರ ಸಾಮಾನ್ಯವಾಗಿ ಒಂದೇ ಹೆಸರು, ಮತ್ತು ಎಷ್ಟೋ ಸಲ ಟೀಚರ್‌ಗೆ ಆಶ್ಚರ್ಯ.

ಹೆಣ್ಣುಮಕ್ಕಳ ವಿಷಯ. ನಾನು ಭೇಟಿ ಕೊಟ್ಟ ಶಾಲೆಗಳಲ್ಲಿ ಒಂದು ದೃಶ್ಯ ಮತ್ತೆ ಮತ್ತೆ ಕಾಣುತ್ತೆ. ತಂಡದಲ್ಲಿ ಅರ್ಧ ಹುಡುಗಿಯರು, ಫೋಟೋ ಚೆನ್ನಾಗಿ ಬರುತ್ತೆ. ಹತ್ತಿರ ಹೋಗಿ ನೋಡಿದ್ರೆ ಹುಡುಗರು ಮೋಟರ್ ಸುತ್ತ, ಹುಡುಗಿಯರು ಪ್ರೆಸೆಂಟೇಶನ್, ಪೋಸ್ಟರ್, ‘ಅಕ್ಷರ ಚೆನ್ನಾಗಿದೆ ಅಂತ ನೋಟ್‌ಬುಕ್’. ಯಾರೂ ಬೇಕು ಅಂತ ಮಾಡಿದ್ದಲ್ಲ, ಹಾಗೇ ಆಗಿಬಿಡುತ್ತೆ. ಆದರೆ ರೋಬೋಟ್ ಬಿಚ್ಚಿ ಕೂಡಿಸದವರನ್ನ ತಂಡ ನಾಯಕಿ ಅಂತ ಒಪ್ಪೋದಿಲ್ಲ, ಅಲ್ಲಿಗೆ ಅರ್ಧ ತಂಡದ ದಾರಿ ಮುಚ್ಚಿತು. ಅದಕ್ಕೆ ದೀಪಾವಳಿವರೆಗೆ ಎಲ್ಲರೂ ಎಲ್ಲ ಮೇಜಿಗೂ ಹೋಗಬೇಕು, ಎರಡೆರಡು ವಾರ. ಆಮೇಲೆ ಬೇಕಾದ್ದು ಆರಿಸ್ಕೊಳ್ಳಲಿ. ಪೋಸ್ಟರ್ ಇಷ್ಟ ಅಂತ ಒಬ್ಬ ಹುಡುಗ ಆರಿಸ್ಕೊಂಡದ್ದೂ ಇದೆ, ತುಂಬಾ ಚೆನ್ನಾಗಿ ಮಾಡಿದ.

ಈಗ ದೊಡ್ಡವರು. ನಮ್ಮವರಲ್ಲಿ ಇಂಜಿನಿಯರ್ ಅಪ್ಪಂದಿರು ಜಾಸ್ತಿ. ಮಗ ಮಾಡಿದ ಗೇರ್‌ಬಾಕ್ಸ್ ಚಿತ್ರ ರಾತ್ರಿ ಹನ್ನೊಂದಕ್ಕೆ ‘ಸ್ವಲ್ಪ ನೋಡ್ತೀನಿ’ ಅಂತ ತಗೊಂಡು ಬೆಳಿಗ್ಗೆ ಹೊಸ ಗೇರ್‌ಬಾಕ್ಸ್ ಕೊಡ್ತಾರೆ. ಯಾರಿಗೂ ಹೇಳ್ತಾ ಇಲ್ಲ, ಮುಂದಿನ ಸಾಲಿನವರು ನಗಬೇಡಿ. ದೊಡ್ಡವರು ದೂರ ಇರಲಿ ಅಂತ ಫಸ್ಟ್ ಸಂಸ್ಥೆ ಹೇಳೋದಿಲ್ಲ, ಜೊತೆಗೆ ಕೆಲಸ ಮಾಡಲಿ ಅಂತಲೇ ಅದರ ಒಲವು. ಮೆಂಟರ್‌ಗಳಿಗೆ ವುಡಿ ಫ್ಲವರ್ಸ್ ಹೆಸರಿನ ಪ್ರಶಸ್ತಿಯೇ ಇದೆ, ಅದಕ್ಕೆ ಹೆಸರು ಸೂಚಿಸಿ ಬರೆಯೋದು ವಿದ್ಯಾರ್ಥಿಗಳು. ನಮ್ಮಲ್ಲಿ ಒಂದು ಒಪ್ಪಂದ ಮಾಡಿಕೊಂಡಿದ್ದೀವಿ. ಆಯುಧಪೂಜೆ ದಿನ ಡ್ರಿಲ್‌ಗೆ, ವೈಸ್‌ಗೆ, ಹಳೇ ರೋಬೋಟ್‌ಗೆ ಎಲ್ಲ ಕುಂಕುಮ ಹಚ್ಚಿ, ನಿಂಬೆಹಣ್ಣು ಇಟ್ಟು ಪೂಜೆ. ಅಲ್ಲಿವರೆಗೆ ದೊಡ್ಡವರು ಕೈಹಿಡಿದು ಕಲಿಸಬಹುದು. ಪೂಜೆ ಆದ ಮೇಲೆ ದೊಡ್ಡವರ ಕೈಗೆ ಆಯುಧ ಇಲ್ಲ, ಬಾಯಿ ಮಾತ್ರ. ಅದೂ ಪ್ರಶ್ನೆ ಕೇಳೋಕೆ. ಸುರಕ್ಷತೆಯ ವಿಷಯ ಬಂದ್ರೆ ಮಾತ್ರ ಈ ನಿಯಮ ಇಲ್ಲ.

ದಾಖಲೆ ಬಗ್ಗೆ ಬೇಗ ಹೇಳಿ ಮುಂದೆ ಹೋಗ್ತೀನಿ. ಟೆಕ್ ಚಾಲೆಂಜ್‌ನಲ್ಲಿ ತೀರ್ಪುಗಾರರಿಗೆ ಕೊಡೋ ಪೋರ್ಟ್‌ಫೋಲಿಯೋ ಮುಖಪುಟ ಬಿಟ್ಟು 15 ಪುಟ. ಮಕ್ಕಳು ಅದನ್ನ ಬಣ್ಣಬಣ್ಣವಾಗಿ ಮಾಡ್ತಾರೆ, ಮಾಡಲಿ. ಅದು ಮುಂದಿನ ತಂಡಕ್ಕೆ ಹೆಚ್ಚು ಉಪಯೋಗ ಇಲ್ಲ, ಯಾಕಂದ್ರೆ ಅದರಲ್ಲಿ ಗೆದ್ದದ್ದು ಮಾತ್ರ ಇರುತ್ತೆ. ಮುಂದಿನವರಿಗೆ ಬೇಕಾಗಿರೋದು ಇನ್ನೊಂದು ಪುಸ್ತಕ, ಎಣ್ಣೆ ಕಲೆ ಇರೋದು. ‘ಈ ಅಂಗಡಿಯವನು ಎರಡು ವಾರ ತಡ ಮಾಡ್ತಾನೆ’, ‘ಉದ್ದದ ತೋಳು ಮಾಡಿದ್ವಿ, ಬಗ್ಗಿತು, ಮಾಡಬೇಡಿ’. ಕನ್ನಡ, ಮರಾಠಿ, ಹಿಂದಿ ಯಾವುದರಲ್ಲಾದರೂ ಬರೀಲಿ.

ಹೊರಗಿನ ಒಂದು ಉದಾಹರಣೆ ಕೊಡ್ತೀನಿ. ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿ ಬೆಲ್ಲರ್ಮಿನ್ ಅಂತ ಒಂದು ಹೈಸ್ಕೂಲು, ಅದರ ತಂಡದ ನಂಬರ್ 254. ದೊಡ್ಡ ರೋಬೋಟ್‌ಗಳ ಹಂತದಲ್ಲಿ ಆಡ್ತಾರೆ. 2011ರಲ್ಲಿ ವಿಶ್ವ ಚಾಂಪಿಯನ್‌ಶಿಪ್ ಗೆದ್ದ ಮೈತ್ರಿಕೂಟದಲ್ಲಿ ಅವರಿದ್ದರು. 2018ರಲ್ಲೂ ಇದ್ದರು. ನಾಲ್ಕು ವರ್ಷದ ಶಾಲೆ, ಏಳು ವರ್ಷದ ಅಂತರ. ಎರಡೂ ಸಲ ಆಡಿದ ಒಬ್ಬ ವಿದ್ಯಾರ್ಥಿಯೂ ಇರೋಕೆ ಸಾಧ್ಯ ಇಲ್ಲ. ಅವರ ಹತ್ತಿರ ದುಡ್ಡಿದೆ, ಯಂತ್ರಗಳಿವೆ, ದೊಡ್ಡ ಮೆಂಟರ್‌ಗಳಿದ್ದಾರೆ, ಅದನ್ನೆಲ್ಲ ನಾವು ತರೋಕೆ ಆಗೋದಿಲ್ಲ. ಅದೇ ಸ್ಪರ್ಧೆಯಲ್ಲಿ ‘ಡೀನ್ಸ್ ಲಿಸ್ಟ್’ ಅಂತ ವಿದ್ಯಾರ್ಥಿ ನಾಯಕರಿಗೆ ಒಂದು ಪ್ರಶಸ್ತಿ ಇದೆ. ಅದು 10 ಮತ್ತು 11ನೇ ಕ್ಲಾಸಿನವರಿಗೆ, ಕೊನೇ ವರ್ಷದವರಿಗೆ ಅಲ್ಲ. ಹೋಗೋವರಿಗೆ ಹಾರ ಹಾಕೋ ನಮ್ಮ ಅಭ್ಯಾಸಕ್ಕೆ ಇದು ತೀರಾ ಉಲ್ಟಾ. ಪ್ರಶಸ್ತಿ ಗೆದ್ದ ಮಗು ಮುಂದಿನ ವರ್ಷ ಅದೇ ಕೋಣೆಗೆ ವಾಪಸ್ ಬರುತ್ತೆ. ನಮ್ಮ ಶಾಲೆಗಳ ವಾರ್ಷಿಕೋತ್ಸವದಲ್ಲಿ ಒಂದು ಬಹುಮಾನವಾದರೂ ಎಂಟನೇ ಕ್ಲಾಸಿನವರಿಗೆ ಅಂತ ಮೀಸಲಿಡೋಕೆ ದುಡ್ಡು ಬೇಕಾಗಿಲ್ಲ.

ದುಡ್ಡಿನ ಮಾತು ಬಂತಲ್ಲ. ನೀತಿ ಆಯೋಗದ ಅಟಲ್ ಟಿಂಕರಿಂಗ್ ಲ್ಯಾಬ್ ಯೋಜನೆಯಲ್ಲಿ ಶಾಲೆಗೆ 20 ಲಕ್ಷದವರೆಗೆ ಅನುದಾನ. ಹತ್ತು ಲಕ್ಷ ಲ್ಯಾಬ್ ಕಟ್ಟೋಕೆ, ಹತ್ತು ಲಕ್ಷ ಐದು ವರ್ಷ ನಡೆಸೋಕೆ. ಇಂಥ ಲ್ಯಾಬ್‌ಗಳು ಹತ್ತು ಸಾವಿರದಷ್ಟಿವೆ, ಸರ್ಕಾರಿ ಶಾಲೆಗಳಲ್ಲಿ ಇನ್ನೂ 50,000 ತೆರೀತೀವಿ ಅಂತ 2025ರ ಬಜೆಟ್‌ನಲ್ಲಿ ಹೇಳಿದ್ದಾರೆ. ಒಳ್ಳೆಯದು. ಆದರೆ ಲ್ಯಾಬ್ ಇರೋ ಶಾಲೆಗೆ ಹೋದಾಗ ನಾನು ಮೊದಲು ಕೇಳೋದು ತ್ರೀಡಿ ಪ್ರಿಂಟರ್ ಬಗ್ಗೆ ಅಲ್ಲ, ಬೀಗದ ಕೈ ಯಾರ ಹತ್ತಿರ ಇದೆ ಅಂತ. ಪ್ರಿನ್ಸಿಪಾಲರ ಡ್ರಾಯರ್‌ನಲ್ಲಿ ಅಂದ್ರೆ ಆ ಪ್ರಿಂಟರ್ ಮೇಲೆ ಧೂಳು ಕೂತಿರುತ್ತೆ. ನಮ್ಮ ಶಾಲೆಯಲ್ಲಿ ಬೀರುವಿನ ಬೀಗದ ಕೈ ಎಂಟನೇ ಕ್ಲಾಸಿನ ಒಬ್ಬರ ಹತ್ತಿರ, ಕೋಣೆಯದ್ದು ಟೀಚರ್ ಹತ್ತಿರ. ಪ್ರಿನ್ಸಿಪಾಲರನ್ನ ಒಪ್ಪಿಸೋಕೆ ಒಂದು ವರ್ಷ ಬೇಕಾಯ್ತು. ಇಲ್ಲಿವರೆಗೆ ಒಂದು ಅಲೆನ್ ಕೀ ಸೆಟ್ ಬಿಟ್ರೆ ಏನೂ ಕಳೆದಿಲ್ಲ, ಅದನ್ನೂ ನಾನೇ ತಗೊಂಡು ಹೋಗಿದ್ದೇನೆ ಅಂತ ಮಕ್ಕಳ ಅನುಮಾನ.

ಹತ್ತನೇ ಕ್ಲಾಸಿನವರು ಏನು ಮಾಡಬೇಕು ಅಂತ ಕೇಳ್ತೀರಿ. ಅವರಿಗೆ ಶನಿವಾರ ಒಂದು ಗಂಟೆ, ಸಲಹೆಗಾರರ ಕುರ್ಚಿ. ಬಂದ್ರೂ ಸರಿ, ಬರದಿದ್ರೂ ಸರಿ. ಉಪಕರಣ ಮುಟ್ಟೋ ಹಾಗಿಲ್ಲ. ಆ ಒಂದು ಗಂಟೆ ಅವರಿಗೆ ಓದಿನ ನಡುವೆ ಉಸಿರು ಬಿಡೋ ಜಾಗ ಅಂತ ಮನೆಯವರೂ ಈಗ ಕಳಿಸ್ತಾರೆ. ಮೊದಲು ಹೇಳಿದೆನಲ್ಲ, ಕೈ ತೊಡೆ ಕೆಳಗೆ ಇಟ್ಕೊಂಡು ಕೂತವಳು, ಅವಳು ಆ ಕುರ್ಚಿಯಲ್ಲಿ ಕೂತು ಕೆಮಿಸ್ಟ್ರಿ ಓದ್ತಿದ್ಲು. ಏಳನೇ ಕ್ಲಾಸಿನ ಒಬ್ಬ ಪ್ರತಿ ಹತ್ತು ನಿಮಿಷಕ್ಕೆ ಬಂದು ಏನೋ ಕೇಳ್ತಿದ್ದ, ಅವಳು ಪುಸ್ತಕದಿಂದ ತಲೆ ಎತ್ತದೆ ಕ್ಯಾಪ್ಟನ್ ಕಡೆ ಬೆರಳು ತೋರಿಸ್ತಿದ್ಲು.

ನಿಮ್ಮಲ್ಲಿ ಶಾಲೆಯ ಆಡಳಿತ ಮಂಡಳಿಯಲ್ಲಿ ಇರೋರು ಇದ್ದೀರಿ, ಅವರಿಗೆ ಒಂದು ಕೋರಿಕೆ. ಜೂನ್‌ನಲ್ಲಿ ಶಾಲೆ ಶುರುವಾದಾಗ ತಂಡದ ಪಟ್ಟಿ ತರಿಸಿ ನೋಡಿ. ಏಳು, ಎಂಟು, ಒಂಬತ್ತು, ಮೂರೂ ಕ್ಲಾಸಿನ ಮಕ್ಕಳು ಅದರಲ್ಲಿ ಇದ್ದಾರಾ ಅಂತ ಎಣಿಸಿ. ಒಂದೇ ಕ್ಲಾಸಿನ ಹನ್ನೆರಡು ಜಾಣರು ಇದ್ರೆ ಆ ವರ್ಷ ಬಹುಶಃ ಕಪ್ ಬರುತ್ತೆ, ಎರಡು ವರ್ಷದ ನಂತರ ಕೋಣೆ ಖಾಲಿ. ಸೀಟು ಕಡಿಮೆ ಮಾಡಿ, ಪ್ರತಿ ಕ್ಲಾಸಿಗೂ ಹಂಚಿ.

ಸಮಯ ಆಯ್ತು ಅಂತ ಸನ್ನೆ ಮಾಡ್ತಿದ್ದಾರೆ. ಪ್ರಶ್ನೆಗಳಿಗೆ ಹೋಗೋಣ. ಹಿಂದಿನ ಸಾಲಿನಲ್ಲಿ ಶಾಲೆ ಯೂನಿಫಾರ್ಮ್‌ನಲ್ಲಿ ಬಂದಿರೋ ಇಬ್ಬರು ಆಗಿನಿಂದ ಕೈ ಎತ್ತಿದ್ದಾರೆ, ಮೊದಲು ಅವರು.